ಬೆನಕಪ್ಪನವರ ಎಡಗಾಲು

ಶಿಕಾರಿಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಬೆನಕಪ್ಪನವರಿಗೆ ದೇವರು ಎಲ್ಲರಂತೆ ಎರಡೇ ಕಾಲು ಕೊಟ್ಟಿದ್ದನಾದರೂ ಅವೆರಡರ ಅಂತಸ್ತು ಒಂದೇ ಆಗಿರಲಿಲ್ಲ. ಬಲಗಾಲು ನಡೆಯುವುದಕ್ಕಿತ್ತು. ಎಡಗಾಲು ಲೋಕೋಪಕಾರಕ್ಕಿತ್ತು.

ತಾಯಿಯ ಗರ್ಭದಿಂದ ಹೊರಬರುವಾಗ ಸಾಮಾನ್ಯ ಜನ ತಲೆಯನ್ನು ಮುಂದೆ ಮಾಡಿಕೊಂಡು ಬರುತ್ತಾರೆ. ಬೆನಕಪ್ಪನವರು ಎಡಗಾಲನ್ನು ಮುಂದೆ ಚಾಚಿದರು. ಮುಂದಿನ ಬಾಳಿನಲ್ಲಿ ಅವರ ತಲೆಗೆ ಎಂದೂ ಸಿಗದ ಗೌರವ ಆ ಕಾಲಿಗೆ ಸಿಕ್ಕಿದ್ದು ಅದೇ ಗಳಿಗೆಯಿಂದ. ಕಾಲು ಮುಂದಾಗಿ ಹುಟ್ಟಿದವರು ಸೊಂಟ ಉಳುಕಿದವರ ಬೆನ್ನಿನ ಮೇಲೆ ಕಾಲಿಟ್ಟರೆ ಉಳುಕು ಬಿಟ್ಟುಹೋಗುತ್ತದೆ ಎಂಬುದು ಆ ಸೀಮೆಯವರ ನಂಬಿಕೆ. ಈಸೂರಿನ ಗದ್ದೆಯಲ್ಲಿ ಬಗ್ಗಿದವರು ಏಳಲಾರದೆ, ಜಡೆ ಗ್ರಾಮದಲ್ಲಿ ಅಡಿಕೆ ಮೂಟೆ ಎತ್ತಿದವರು ಇಳಿಸಲಾರದೆ, ಗಾಡಿಯಲ್ಲಿ ಮಲಗಿಕೊಂಡು ಬಂದು ಬೆನಕಪ್ಪನವರ ಮನೆಯ ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಬೀಳುತ್ತಿದ್ದರು. ಬೆನಕಪ್ಪನವರು ಕಣ್ಣು ಮುಚ್ಚಿ ಮೂರು ಸಲ ಎಡಗಾಲನ್ನು ಒತ್ತುತ್ತಿದ್ದರು. ವಾರದೊಳಗೆ ನೋವು ಮಾಯವಾಗುತ್ತಿತ್ತು. ಕಾಲಿಡದಿದ್ದರೂ ವಾರದೊಳಗೆ ಮಾಯವಾಗುತ್ತಿತ್ತೋ ಏನೋ. ಆದರೆ ಕಾಲಿಡದೆ ಬಿಟ್ಟು ನೋಡುವಷ್ಟು ಕಲ್ಲೆದೆ ಬೆನಕಪ್ಪನವರದಲ್ಲ.

ಈ ವಿದ್ಯೆಗೆ ಅವರ ಅಜ್ಜಿ ವಿಧಿಸಿಹೋದ ಕಟ್ಟಳೆಗಳು ಎರಡು. ಕಾಸು ಮುಟ್ಟಬಾರದು, ರೋಗಿ ತಂದ ತೆಂಗಿನಕಾಯಿಯನ್ನು ಒಳಗಿಟ್ಟು, ಅಚ್ಚುಬೆಲ್ಲವನ್ನು ಅಲ್ಲೇ, ಅವನೆದುರಿಗೇ ತಿಂದು ಮುಗಿಸಬೇಕು. ಬೆಲ್ಲ ಉಳಿದರೆ ಅವನ ನೋವು ಇವರ ಮೈಗೆ ಹತ್ತುತ್ತದೆ. ಪರರ ನೋವಿಗೆ ಹೆದರಿ ಬೆನಕಪ್ಪನವರು ಮೂವತ್ತು ವರ್ಷಗಳಿಂದ ಬೆಲ್ಲ ತಿನ್ನುತ್ತ ಬಂದಿದ್ದರು. ಎರಡನೆಯದು ಇನ್ನೂ ಕಠಿಣವಾದದ್ದು: ಆ ಪಾದವನ್ನು ಪರರ ಕೈ ಮುಟ್ಟಬಾರದು. ಮುಟ್ಟಿದವರ ಕೈಗೆ ಕಾಲಿನ ಗುಣ ಹೊರಟುಹೋಗುತ್ತದೆ. ಹೀಗಾಗಿ ಧರ್ಮಪತ್ನಿ ಶಕುಂತಲಮ್ಮ ಕೂಡ ಹಬ್ಬದ ದಿನ ಗಂಡನಿಗೆ ಮಾರು ದೂರದಿಂದಲೇ ನಮಸ್ಕಾರ ಮಾಡುತ್ತಿದ್ದರು. ಅದರಿಂದ ಆಕೆಗೆ ಅಂಥ ನಷ್ಟವೇನೂ ಆದಂತೆ ಕಾಣಲಿಲ್ಲ.

ಊರಿಗೆ ಊರೇ ಒಪ್ಪಿದ ಈ ಕಾಲನ್ನು ಒಪ್ಪದವನು ಒಬ್ಬನೇ: ಅಕ್ಕಿ ಗಿರಣಿಯ ನಾಗರಾಜಪ್ಪ. ಬೆನಕಪ್ಪನವರ ಓರಗೆಯವನು, ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವನು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಪಾಯಸ ಬರುವ ಹೊತ್ತಿಗೆ ಸರಿಯಾಗಿ, ನೂರು ಎಲೆಗಳಿಗೆ ಕೇಳುವ ಹಾಗೆ ಅವನು ಹೇಳಿದ್ದ:

"ಏನಪ್ಪಾ ಬೆನಕಪ್ಪ, ಕತ್ತೇನೂ ಒದೀತೈತಿ. ಪಾಪ, ಅದಕ್ಕ ಯಾರೂ ತೆಂಗಿನಕಾಯಿ ಕೊಡಂಗಿಲ್ಲ ನೋಡು!"

ಆ ಪಾಯಸದ ರುಚಿ ಬೆನಕಪ್ಪನವರಿಗೆ ಇಂದಿಗೂ ನೆನಪಿಲ್ಲ. ಮಾತು ನೆನಪಿದೆ. ಅಂದಿನಿಂದ ಅವರ ಬಾಳಿಗೆ ಒಂದೇ ಆಸೆ ಉಳಿಯಿತು: ನಾಗರಾಜಪ್ಪನ ಸೊಂಟ ಒಮ್ಮೆ ಉಳುಕಬೇಕು.

ನಯಾಪೈಸೆ ಚಲಾವಣೆಗೆ ಬಂದ ಮರುವರ್ಷದ ಬೇಸಿಗೆಯಲ್ಲಿ ಅದು ಉಳುಕಿತು.

ಗಿರಣಿಯಲ್ಲಿ ಚೀಲ ಸರಿಸಲು ಹೋಗಿ ನಾಗರಾಜಪ್ಪ ಬಿಲ್ಲಿನ ಹಾಗೆ ಬಾಗಿ ನಿಂತನಂತೆ. ಎರಡು ದಿನ ಎಣ್ಣೆ, ಕಾವು, ಬೈಗುಳ ಎಲ್ಲವೂ ಆದವು. ಮೂರನೆಯ ದಿನ, ಶುಕ್ರವಾರ, ಅವನ ಹೆಂಡತಿ ಅಕ್ಕನಾಗಮ್ಮ ತಾವೇ ಅಂಗಡಿಗೆ ಬಂದು, ಕೊಳ್ಳುವ ಉದ್ದೇಶವಿಲ್ಲದ ಸೀರೆಯೊಂದನ್ನು ಬಿಡಿಸಿ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದರು.

"ಅಣ್ಣಾರ, ಅವರದೊಂದು ಸೊಂಟ... ನೀವು ಒಂದೀಟು ಕಾಲಿಟ್ರ..."

"ಅದಕ್ಕೇನ್ರಿ ತಂಗಿ, ಇಡೋಣಂತ," ಎಂದರು ಬೆನಕಪ್ಪನವರು. ಆ ಸೀರೆಯನ್ನು ಮಡಿಸಿ ಕಪಾಟಿಗೆ ಸೇರಿಸಿದರು. "ಇವತ್ತು ಗಳಿಗಿ ಚಲೋ ಇಲ್ಲ. ಸೋಮವಾರ ಬೆಳಿಗ್ಗೆ ಬರ್ಲಿ."

ಸೋಮವಾರ ಬೆಳಿಗ್ಗೆ ಪೇಟೆಬೀದಿಯಲ್ಲಿ ಜನ ಹೆಚ್ಚು. ಗಳಿಗೆಯ ಲೆಕ್ಕ ಅಷ್ಟೇ.

ಆ ದಿನಗಳಲ್ಲಿ ಅಂಗಡಿಯಲ್ಲಿ ಒಂದು ವಾಸನೆ ಎದ್ದಿತ್ತು. ಇಲಿ ಸತ್ತಿರಬೇಕೆಂದು ಬೆನಕಪ್ಪನವರು ಕಪಾಟುಗಳನ್ನೆಲ್ಲ ಸರಿಸಿ ನೋಡಿಸಿದರು. ಇಲಿ ಸಿಗಲಿಲ್ಲ. ಸತ್ತ ಇಲಿ ಅವರು ಕೂತಲ್ಲಿಗೇ ಬಂದು ಕೂರುತ್ತದೆ, ಅವರು ಎದ್ದುಹೋದರೆ ತಾನೂ ಎದ್ದುಹೋಗುತ್ತದೆ ಎಂಬ ಸಂಗತಿ ಗಿರಾಕಿಗಳಿಗೆ ಹೊಳೆದಿತ್ತು. ಮರ್ಯಾದಸ್ಥರಾದ್ದರಿಂದ ಬಾಯಿಬಿಡದೆ ಎದುರಂಗಡಿಗೆ ಹೋದರು.

ಶನಿವಾರ ಮುಂಜಾನೆ ಶಕುಂತಲಮ್ಮ ಪಡಸಾಲೆ ಒರೆಸಿ ಎದ್ದು ತಿರುಗಿ ನೋಡುತ್ತಾರೆ: ಒದ್ದೆ ನೆಲದ ಮೇಲೆ ಒಂದು ಕೆಂಪು ಬೊಟ್ಟು. ಒಂದು ಹೆಜ್ಜೆಯಾಚೆ ಇನ್ನೊಂದು. ಲಕ್ಷ್ಮಿ ನಡೆದುಬಂದಂತೆ, ಅಳತೆ ಮಾಡಿ ಇಟ್ಟ ಹಾಗೆ, ಬೊಟ್ಟುಗಳು ದೇವರ ಕೋಣೆಯಿಂದ ಹೊರಟು ಪಡಸಾಲೆಯನ್ನು ದಾಟಿ ಜಗುಲಿಗೆ ಹೋಗಿದ್ದವು.

"ರೀ, ಈ ಕುಂಕುಮ ಯಾರು ಚೆಲ್ಲಿದ್ದು?"

ಶಕುಂತಲಮ್ಮ ಬಗ್ಗಿ ಒಂದು ಬೊಟ್ಟನ್ನು ಬೆರಳಿನಿಂದ ತೀಡಿ ಮೂಗಿನ ಬಳಿ ತಂದರು. ಕುಂಕುಮಕ್ಕೆ ಆ ವಾಸನೆ ಇರುವುದಿಲ್ಲ. ಬೊಟ್ಟುಗಳ ಜಾಡು ಹಿಡಿದು ಹೋದರೆ ಕೊನೆಯದು ಜಗುಲಿಯ ಮೇಲೆ, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತ ಗಂಡನ ಎಡಗಾಲಿನ ಕೆಳಗೆ ಮುಗಿದಿತ್ತು.

"ಕಾಲು ತೋರಿಸ್ರಿ."

"ಮುಟ್ಟಬ್ಯಾಡ!"

"ಮುಟ್ಟಂಗಿಲ್ಲ. ನೋಡ್ತೀನಿ, ಎತ್ರಿ."

ಬೆನಕಪ್ಪನವರು ಕಾಲೆತ್ತಿದರು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ದಪ್ಪ ಚರ್ಮದ ನಡುವೆ, ಬೆರಳು ತೂರುವಷ್ಟು ಅಗಲದ ಗಾಯ ಬಾಯಿ ತೆರೆದುಕೊಂಡಿತ್ತು. ಅಂಚು ಬೆಳ್ಳಗೆ, ಒಳಗೆ ಕತ್ತಲೆ. ಶಕುಂತಲಮ್ಮ ಇನ್ನಷ್ಟು ಬಗ್ಗಿ ನೋಡಿದರು.

"ಇಷ್ಟು ದೊಡ್ಡ ತೂತಾದ್ರೂ ನೋವಿಲ್ಲೇನ್ರಿ?"

"ನೋವು ಹೆಂಗ ಬರ್ತೈತಿ? ಇದು ನೋವು ತೆಗಿಯೋ ಕಾಲು," ಎಂದರು ಬೆನಕಪ್ಪನವರು. ಊರಿನವರ ನೋವನ್ನೆಲ್ಲ ಓಡಿಸಿದ ಕಾಲಿನ ಬಳಿ ಸುಳಿಯಲು ನೋವಿಗೆ ಧೈರ್ಯವಾದರೂ ಎಲ್ಲಿಯದು? ತಮ್ಮ ಪಾದಕ್ಕೆ ಈಚೆಗೆ ಬಿಸಿನೀರೂ ತಣ್ಣೀರೂ ಒಂದೇ ಆಗಿರುವುದನ್ನು ಅವರು ಗಮನಿಸಿದ್ದರು. ಸ್ಥಿತಪ್ರಜ್ಞರಿಗೆ ಹಾಗೇ ಆಗುತ್ತದಂತೆ.

ಶಕುಂತಲಮ್ಮ ಸ್ಥಿತಪ್ರಜ್ಞೆಯಾಗಿರಲಿಲ್ಲ. ಆಕೆಯ ಎದೆಯಲ್ಲಿ ಹೊಳೆದದ್ದು ಒಂದೇ ಮಾತು, ಬಾಯಲ್ಲಿ ಆಡಬಾರದ ಮಾತು: ಚರ್ಮಕ್ಕೆ ಸ್ಪರ್ಶ ತಪ್ಪುವುದು ದೊಡ್ಡರೋಗದಲ್ಲಿ. ಕುಷ್ಠವೆಂದು ಒಬ್ಬರು ಪಿಸುಗುಟ್ಟಿದರೂ ಸಾಕು, ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ಕಾಲವದು.

"ಸೊರಬಕ್ಕೆ ಹೋಗಾಣ ನಡೀರಿ. ನಮ್ಮ ತವರಿನ ಬೀದಿಯಾಗ ರಾಜೇಶ್ವರಮ್ಮ ಅಂತ ಡಾಕ್ಟ್ರಮ್ಮ ಅದಾರ. ಇಲ್ಲಿ ಯಾರಿಗೂ ಗೊತ್ತಾಗಂಗಿಲ್ಲ."

"ಹೆಂಗಸು! ಆಕಿ ಕೈ ನನ್ನ ಕಾಲು ಮುಟ್ಟಿದ್ರ? ಸೋಮವಾರ ನಾಗರಾಜಪ್ಪ ಬರಾಂವ ಅದಾನ!"

"ನೀವು ಬರದಿದ್ರ ಈಗಿಂದೀಗ ಬೀದಿಗೆ ನಿಂತು ಕೂಗ್ತೀನಿ, ನಮ್ಮನಿಯವರ ಕಾಲು ಕೊಳಿತೈತಿ ಅಂತ."

ಬೆನಕಪ್ಪನವರು ಮೆಟ್ಟು ಹಾಕಿಕೊಂಡರು. ಭಾನುವಾರ ಸಂಜೆಯೊಳಗೆ ವಾಪಸು ಬರುವುದೆಂದು ಕರಾರಾಯಿತು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು. ನಿಂತದ್ದು ಚಹಾಕ್ಕೆಂದುಕೊಂಡರೆ ಹಾಗಲ್ಲ. ಡ್ರೈವರ್ ಆನಂದಪ್ಪ ಸೀಟಿನಿಂದ ಇಳಿದವನು ಸೊಂಟದ ಮೇಲೆ ಎರಡೂ ಕೈಯಿಟ್ಟುಕೊಂಡು, ಕುಂಟುತ್ತ, ಕಿಟಕಿಯ ಬಳಿಗೆ ಬಂದ. ಮುಖದಲ್ಲಿ ದೇವರನ್ನು ಕಂಡ ಕಳೆ.

"ಸಾಹುಕಾರ್ರ, ನೀವು ಹತ್ತಿದ್ದು ಕನ್ನಡಿಯಾಗ ನೋಡ್ದೆ. ವಾರದಿಂದ ಸಾಯ್ತಾ ಇದೀನಿ. ಇಲ್ಲೇ ಒಂದು ಕಾಲು ಇಟ್ಟುಬಿಡ್ರಿ, ಪುಣ್ಯ ಬರ್ತೈತಿ."

"ಹೊಸ್ತಿಲು ಬೇಕಲ್ಲೋ, ಆನಂದಪ್ಪ," ಎಂದು ಬೆನಕಪ್ಪನವರು ಉಪಾಯವಾಗಿ ಹೇಳಿದರು.

"ಹೋಟ್ಲಿನ ಹೊಸ್ತಿಲು ಐತ್ರಿ!"

ಪ್ರಯಾಣಿಕರೆಲ್ಲ ಇಳಿದರು. ಹೋಟೆಲಿನವನು ಒಲೆ ಬಿಟ್ಟು ಬಂದ. ಆನಂದಪ್ಪ ಹೊಸ್ತಿಲ ಮೇಲೆ ಬೋರಲು ಮಲಗಿಯೂ ಆಯಿತು. ಬೆನಕಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆಯ ನೋಟದಲ್ಲಿ ಆ ಗಾಯವಿತ್ತು. ಎಡಗಾಲಿಟ್ಟರೆ ಆನಂದಪ್ಪನ ಖಾಕಿ ಅಂಗಿಯ ಮೇಲೆ ಕೆಂಪು ಬೊಟ್ಟು ಮೂಡುತ್ತದೆ. ಇಡದಿದ್ದರೆ ಬಸ್ಸು ಹೊರಡುವುದಿಲ್ಲ.

ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹೇರಿ ನಿಂತು, ಅವರು ಬಲಗಾಲನ್ನು ಎತ್ತಿ ಡ್ರೈವರನ ಬೆನ್ನಿಗೆ ಮೂರು ಸಲ ಒತ್ತಿದರು. ಆ ಬಲಗಾಲಿಗೆ ಯಾವ ಗುಣವೂ ಇರಲಿಲ್ಲ. ಅದು ಹುಟ್ಟುವಾಗ ಎರಡನೆಯದಾಗಿ ಬಂದ ಕಾಲು.

ಆನಂದಪ್ಪ ಎದ್ದು ನಿಂತ. ಬಲಕ್ಕೆ ಬಾಗಿದ. ಎಡಕ್ಕೆ ಬಾಗಿದ. "ಹೂವಿನಂಗಾತು ನೋಡ್ರಿ!" ಎಂದು ಕುಣಿದೇಬಿಟ್ಟ.

ಜನ ಕೈಮುಗಿದರು. ಅಷ್ಟು ಮಂದಿಯಲ್ಲಿ ಆ ವಾಸಿಯಿಂದ ಅವಮಾನವಾದದ್ದು ಬೆನಕಪ್ಪನವರಿಗೊಬ್ಬರಿಗೇ. ಹೋಟೆಲಿನಿಂದ ತಂದುಕೊಟ್ಟ ಅಚ್ಚುಬೆಲ್ಲವನ್ನು ಅವರು ಕಟ್ಟಳೆಯಂತೆ ಅಗಿದು ಮುಗಿಸಿದರು.

ಸೊರಬದ ಡಾಕ್ಟರ್ ರಾಜೇಶ್ವರಮ್ಮ ಬಿಳಿಯ ಸೀರೆಯುಟ್ಟ, ಕೈಗೆ ಬಳೆಯ ಬದಲು ಗಡಿಯಾರ ಕಟ್ಟಿದ, ನಲವತ್ತರ ಆಸುಪಾಸಿನ ಹೆಂಗಸು. ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು; ಜಗುಲಿಗೆ ಬಾಗಿಲಿದ್ದ ಪಕ್ಕದ ಕೋಣೆಯಲ್ಲಿ ಎರಡು ಮಂಚಗಳಿದ್ದವು. ಬೆನಕಪ್ಪನವರು ತಮ್ಮ ಕಾಲಿನ ಪ್ರತಾಪವನ್ನು ಪೀಠಿಕೆಯಾಗಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಅವರ ಕಾಲನ್ನು ಬಿಟ್ಟು ಮೆಟ್ಟನ್ನು ಕೈಗೆತ್ತಿಕೊಂಡರು. ಒಳಗೆ ಬೆರಳಾಡಿಸಿದರು. ಬೆಳಕಿಗೆ ಹಿಡಿದರು.

"ಇಲ್ಲೊಂದು ಮೊಳೆ ಇದ್ದಿರಬೇಕು. ಎಲ್ಲಿ ಹೋಯ್ತು?"

"ಬಿದ್ದಿರಬೇಕ್ರಿ."

"ನೋಡೋಣ," ಎಂದರು ಡಾಕ್ಟರು.

ಬೆನಕಪ್ಪನವರು ತಡೆಯುವ ಮೊದಲೇ ಆಕೆಯ ಎಡಗೈ ಅವರ ಪಾದವನ್ನು ಹಿಡಿದಿತ್ತು. ಬಾಲ್ಯದಿಂದ ಯಾರೂ ಮುಟ್ಟದ ಪಾದ! ಸಿಡಿಲು ಹೊಡೆಯಬಹುದೆಂದು ಅವರು ಕಣ್ಣು ಮುಚ್ಚಿಕೊಂಡರು. ಸಿಡಿಲು ಹೊಡೆಯಲಿಲ್ಲ. ಇಕ್ಕುಳದ ಸದ್ದಾಯಿತು, ಆಮೇಲೆ ಪಿಂಗಾಣಿ ಬಟ್ಟಲಿನಲ್ಲಿ ಟಣ್ಣೆಂದು ಏನೋ ಬಿತ್ತು. ಕಣ್ಣು ತೆರೆದರೆ ಬಟ್ಟಲಲ್ಲಿ ಅರ್ಧ ಅಂಗುಲದ ಮೊಳೆ, ಕೀವಿನಲ್ಲಿ ಮಿಂದು ಮಲಗಿತ್ತು.

"ಬಹಳ ದಿನದ್ದು," ಎಂದರು ಡಾಕ್ಟರು. "ಆದ್ರೆ ಇವತ್ತು ಹೊಸದಾಗಿ ಆಳಕ್ಕೆ ಹೋಗಿದೆ. ಈ ಕಾಲ ಮೇಲೆ ಭಾರ ಹಾಕಿ ನಿಂತಿದ್ರಾ?"

ಶಕುಂತಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆನಕಪ್ಪನವರಿಗೆ ಗೋಡೆಯ ಮೇಲಿನ ಕ್ಯಾಲೆಂಡರು ತೀರ ಆಸಕ್ತಿದಾಯಕವಾಗಿ ಕಂಡಿತು.

"ಈಗ ಕಣ್ಣಿಗೆ ಟವೆಲು ಕಟ್ತೀನಿ. ನಾನು ಅಂಗಾಲು ಮುಟ್ಟಿದಾಗೆಲ್ಲ ಹ್ಞೂಂ ಅನ್ನಿ. ಸುಮ್ಮಸುಮ್ಮನೆ ಅನ್ನಬಾರ್ದು ಮಾರಾಯ್ರೆ, ಗೊತ್ತಾದ್ರೆ ಮಾತ್ರ."

ಕತ್ತಲೆಯಲ್ಲಿ ಬೆನಕಪ್ಪನವರು ಪ್ರತಿಷ್ಠೆಯನ್ನೆಲ್ಲ ಕಿವಿಗೆ ತಂದುಕೊಂಡು ಕೂತರು. ಸ್ವಲ್ಪ ಹೊತ್ತು ಬಿಟ್ಟು "ಹ್ಞೂಂ" ಎಂದರು. ಯಾವ ಆಕ್ಷೇಪವೂ ಬರಲಿಲ್ಲ. ಧೈರ್ಯ ಬಂತು. ತಾಳ ಹಾಕಿದವರಂತೆ, ನಡುವೆ ಸರಿಯಾದ ವಿರಾಮ ಕೊಟ್ಟು, "ಹ್ಞೂಂ... ಹ್ಞೂಂ... ಇದು ಹೆಬ್ಬೆಟ್ಟಿಂದು... ಇದು ಹಿಮ್ಮಡೀದು, ಜೋರಾಗಿ ಚುಚ್ಚಿದ್ರಿ!" ಎಂದು ವಿವರಣೆಯನ್ನೂ ಸೇರಿಸಿದರು.

"ಟವೆಲು ಬಿಚ್ಚಿ."

ಬಿಚ್ಚಿ ನೋಡಿದರೆ ಡಾಕ್ಟರ್ ರಾಜೇಶ್ವರಮ್ಮ ಕೋಣೆಯ ಇನ್ನೊಂದು ತುದಿಯಲ್ಲಿ, ಕಿಟಕಿಗೆ ಒರಗಿ ನಿಂತು, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಶಕುಂತಲಮ್ಮ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವಂತಿರಲಿಲ್ಲ.

"ಹಿಮ್ಮಡಿಗೆ ಚುಚ್ಚಿದ್ದು ಯಾರು ಅಂತ ನನಗೂ ಗೊತ್ತಾಗಲಿಲ್ಲ," ಎಂದರು ಡಾಕ್ಟರು.

ಆಮೇಲೆ ಅವರು ನಿಜವಾಗಿಯೇ ಸೂಜಿ ಹಿಡಿದು ಎರಡೂ ಕಾಲುಗಳನ್ನು ನೋಡಿದರು. ಬಲಗಾಲೂ ಎಡಗಾಲಿಗಿಂತ ಜಾಣನಾಗಿರಲಿಲ್ಲ. ಎರಡಕ್ಕೂ ಕಾಲುಚೀಲ ತೊಟ್ಟಷ್ಟು ಎತ್ತರದವರೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮೈಮೇಲೆ ಮಚ್ಚೆಗಳಿವೆಯೇ ಎಂದು ಬೆನ್ನು ತೋಳುಗಳನ್ನು ಪರೀಕ್ಷಿಸಿದರು, ಮೊಣಕೈಯ ಹಿಂದೆ ನರವನ್ನು ಒತ್ತಿ ನೋಡಿದರು. ಅದನ್ನು ಕಂಡು ಶಕುಂತಲಮ್ಮನ ಮುಖ ಸುಣ್ಣವಾಯಿತು.

"ಅಮ್ಮಾ, ಅದು... ದೊಡ್ಡದು..."

"ಅದೇ ಆದ್ರೂ ಈಗ ಮಾತ್ರೆ ಬಂದಿದೆ, ವಾಸಿಯಾಗತ್ತೆ. ಹೆದರಬೇಡಿ. ಆದ್ರೆ ನನಗೆ ಬೇರೆ ಗುಮಾನಿ." ಡಾಕ್ಟರು ಒಂದು ಸೀಸೆಯನ್ನು ಬೆನಕಪ್ಪನವರ ಕೈಗಿತ್ತು ಹಿತ್ತಲ ಬಾಗಿಲು ತೋರಿಸಿದರು. "ಸ್ವಲ್ಪ ಉಚ್ಚೆ ಹಿಡ್ಕೊಂಡು ಬನ್ನಿ."

ಸ್ಪಿರಿಟ್ ದೀಪ ಹೊತ್ತಿತು. ಗಾಜಿನ ನಳಿಗೆಯಲ್ಲಿ ನವಿಲಿನ ಕತ್ತಿನಂಥ ನೀಲಿ ದ್ರವ. ಅದಕ್ಕೆ ಎಣಿಸಿ ಹನಿ ಬಿಟ್ಟು, ಉರಿಯ ಮೇಲೆ ಹಿಡಿದು ಆಡಿಸುತ್ತ ಡಾಕ್ಟರು ಹೇಳಿದರು: "ನೀಲಿಯಾಗೇ ಉಳಿದ್ರೆ ಇವರ ಮೈಯಲ್ಲಿ ಸಕ್ಕರೆ ಇಲ್ಲ. ಆಗ ನೀವು ಹೆದರಿದ್ದನ್ನೇ ಹುಡುಕಬೇಕಾಗತ್ತೆ. ಬಣ್ಣ ತಿರುಗಿದ್ರೆ ಸಿಹಿಮೂತ್ರ."

ಗಂಡ ಹೆಂಡತಿ ಇಬ್ಬರೂ ಆ ನಳಿಗೆಯ ಮೇಲೆ ಕಣ್ಣು ನೆಟ್ಟರು. ಯಾವ ಬಣ್ಣಕ್ಕೆ ಹರಕೆ ಹೊರಬೇಕೆಂಬುದೇ ಬೆನಕಪ್ಪನವರಿಗೆ ತಿಳಿಯಲಿಲ್ಲ. ನೀಲಿ ಕುದಿಯಿತು. ಕುದಿದರೂ ನೀಲಿಯೇ. ಶಕುಂತಲಮ್ಮ ಗಂಡನ ತೋಳು ಹಿಡಿದುಕೊಂಡರು. ತಳದಲ್ಲಿ ಪಾಚಿಯಂಥ ಹಸಿರೊಂದು ಸುಳಿಯಿತು. ಹಸಿರು ಹಳದಿಗೆ ತಿರುಗಿತು. ನೋಡನೋಡುತ್ತಿದ್ದಂತೆ ಹಳದಿ ಕೆಂಪಾಗಿ, ಕೆಂಪು ಗಟ್ಟಿಯಾಗಿ, ನಳಿಗೆಯ ತುಂಬ ಇಟ್ಟಿಗೆಯ ಪುಡಿ ಕಲಸಿದಂತಾಯಿತು.

"ಸಿಹಿಮೂತ್ರ. ಅದೂ ಸಾಮಾನ್ಯದ್ದಲ್ಲ," ಎಂದರು ಡಾಕ್ಟರು. "ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ತುಂಬಿ ಕಾಲಿನ ನರ ಸತ್ತಿದಾವೆ. ಸಿಹಿ ಬಹಳ ತಿಂತೀರಾ?"

"ಸಕ್ಕರಿ ಮುಟ್ಟಂಗಿಲ್ರಿ. ಚಹಾನೂ ಸಪ್ಪಂದು," ಎಂದರು ಬೆನಕಪ್ಪನವರು ಘನತೆಯಿಂದ.

"ಬೆಲ್ಲ?" ಎಂದರು ಶಕುಂತಲಮ್ಮ.

ಹೀಗೆ ಎಡಗಾಲಿನ ಚರಿತ್ರೆ ಹೊರಬಿತ್ತು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿಸಿ, ಕೈ ತೊಳೆದುಕೊಳ್ಳುತ್ತ ಹೇಳಿದರು: "ಊರಿನವರ ಸೊಂಟ ನೆಟ್ಟಗೆ ಮಾಡೋಕ್ಕೆ ಹೋಗಿ ಕಾಲು ಕಳ್ಕೊಳ್ಳೋರನ್ನ ಇದೇ ಮೊದಲು ನೋಡಿದ್ದು. ಕೇಳಿ ಇಲ್ಲಿ. ಕೀವು ಇನ್ನೂ ಮೂಳೆ ಮುಟ್ಟಿಲ್ಲ. ಪೆನ್ಸಿಲಿನ್ ಕೊಡ್ತೀನಿ, ಸಕ್ಕರೆಗೆ ಇನ್ಸುಲಿನ್ ಚುಚ್ತೀನಿ, ಕೊಳೆತಿದ್ದನ್ನ ಕತ್ತರಿಸಿ ತೆಗೀತೀನಿ. ಗಾಯ ಚೊಕ್ಕಟ ಆದ ಮೇಲೆ ಪ್ಲಾಸ್ಟರ್. ಇಷ್ಟು ನನ್ನ ಕೆಲಸ. ನಿಮ್ಮ ಕೆಲಸ ಒಂದೇ: ಆ ಕಾಲನ್ನ ನಾನು ಹೇಳೋವರೆಗೂ ಯಾವುದರ ಮೇಲೂ ಊರಬಾರ್ದು. ನೆಲದ ಮೇಲೂ, ಯಾರ ಬೆನ್ನ ಮೇಲೂ."

"ಸೋಮವಾರ ಒಂದೇ ಒಂದು ಸಲ, ಅಮ್ಮಾ. ಒಂದು ಬೆನ್ನು. ಆಮ್ಯಾಲೆ ನೀವು ಹೇಳಿದಂಗ."

"ಒಂದು ಸಲ ಸಾಕು. ಮೂಳೆಗೆ ಹತ್ತಿದ್ರೆ ಶಿವಮೊಗ್ಗದಲ್ಲಿ ಮೊಣಕಾಲಿನ ಕೆಳಗೆ ಗರಗಸ ಇಡ್ತಾರೆ. ಆಮೇಲೆ ಬೆನ್ನಿಗೆ ಬೇಕಾದ್ರೆ ಮರದ ಕಾಲು ಇಡಿ."

ಬೆನಕಪ್ಪನವರು ಪಕ್ಕದ ಕೋಣೆಯ ಮಂಚ ಸೇರಿದರು. ಕತ್ತರಿ ತನ್ನ ಕೆಲಸ ಮಾಡುವಾಗ ಅವರು ಛಾವಣಿ ನೋಡುತ್ತ ಮಲಗಿದ್ದರು, ಒಂದಿಷ್ಟೂ ನೋವಾಗಲಿಲ್ಲ. ನೋವಿಲ್ಲದಿರುವುದು ಮಹಿಮೆಯಲ್ಲ ಎಂದು ತಿಳಿದ ಮೇಲೆ ಅದರಷ್ಟು ಭಯಂಕರವಾದದ್ದು ಬೇರೊಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಗದ್ದಲವೆದ್ದಿತು. ಆನಂದಪ್ಪನ ಬಸ್ಸು ಸುಮ್ಮನೆ ಓಡಾಡಿರಲಿಲ್ಲ. ನಿಂತ ಊರಿಗೊಂದು ಸಲ ಅವನ ಸೊಂಟದ ಕಥೆಯನ್ನು ಇಳಿಸುತ್ತ ಹೋಗಿತ್ತು. ಶಿಕಾರಿಪುರದ ಕಾಲು ಸೊರಬಕ್ಕೆ ಬಂದಿದೆಯಂತೆ! ತೆಂಗಿನಕಾಯಿ ಬೆಲ್ಲ ಹಿಡಿದ ವಕ್ರಾಕೃತಿಗಳು ಜಗುಲಿಯಿಂದ ಬೀದಿಯವರೆಗೂ ಸಾಲುಗಟ್ಟಿದ್ದವು. ಆ ಸಾಲನ್ನು ಸೀಳಿಕೊಂಡು ಬಾಡಿಗೆಯ ಕಾರೊಂದು ಬಂದು ನಿಂತಿತು. ಅದರೊಳಗಿಂದ, ಮೊದಲು ಅಕ್ಕನಾಗಮ್ಮನೂ ಆಮೇಲೆ, ಅಂಗುಲ ಅಂಗುಲವಾಗಿ, ನಾಗರಾಜಪ್ಪನೂ ಇಳಿದರು.

ಬೆನಕಪ್ಪನವರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಡಾಕ್ಟರು ಯಾವುದೋ ಹೆರಿಗೆಗೆಂದು ಹೋಗಿದ್ದರು. ಶಕುಂತಲಮ್ಮ ತವರುಮನೆಯಿಂದ ಗಂಜಿ ತರಲು ಹೋಗಿದ್ದರು. ವಿಧಿ ಇಷ್ಟು ಅನುಕೂಲವಾಗಿ ಬಾಗಿಲು ತೆರೆಯುವುದು ಮನುಷ್ಯನನ್ನು ಹಾಳುಮಾಡಬೇಕೆಂದಾಗ ಮಾತ್ರ.

ನಾಗರಾಜಪ್ಪ ಬಾಗಿಲ ತನಕ ತೆವಳಿದಂತೆ ಬಂದ. ಒಳಗೆ ಮಂಚದ ಮೇಲಿದ್ದ ಹಳೆಯ ಸಹಪಾಠಿಯನ್ನು ಕತ್ತೆತ್ತಿ ನೋಡಲೂ ಅವನಿಗೆ ಆಗಲಿಲ್ಲ. "ಬೆನಕಪ್ಪ, ಮಾತಾಡ್ಬ್ಯಾಡ. ಇಟ್ಟುಬಿಡು," ಎಂದು ಹೊಸ್ತಿಲ ಮೇಲೆ ಬೋರಲು ಮಲಗಿದ. ಜಗುಲಿಯ ಜನ ಕತ್ತು ಚಾಚಿದರು.

ಬೆನಕಪ್ಪನವರು ಗೋಡೆ ಹಿಡಿದು ಎದ್ದರು. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಹೊಸ್ತಿಲ ಬಳಿಗೆ ಬಂದರು. ಕೆಳಗೆ ಆ ಬೆನ್ನು: ಅಗಲವಾದ, ಕೊಬ್ಬಿದ, ತೆಳು ಗ್ಲಾಸ್ಕೊ ಬಟ್ಟೆಯ ಜುಬ್ಬ ತೊಟ್ಟ ಬೆನ್ನು. ಪಾಯಸದ ಪಂಕ್ತಿ ಕಣ್ಮುಂದೆ ಬಂತು. ಬಲಗಾಲಿಡೋಣವೆಂದರೆ ಎಡಗಾಲಿನ ಮೇಲೆ ನಿಲ್ಲಬೇಕು. ಎಡಗಾಲಿಟ್ಟರೆ ಎಡಗಾಲಿಗೇ ಕುತ್ತು. ಎರಡು ದಾರಿಯ ತುದಿಯಲ್ಲೂ ಶಿವಮೊಗ್ಗದ ಗರಗಸ. ಇರಲಿ! ಇಂಥ ಬೆನ್ನು ಜನ್ಮಕ್ಕೊಂದು ಸಲ ಸಿಗುವುದು. ಬ್ಯಾಂಡೇಜು ಸುತ್ತಿದ ಎಡಗಾಲನ್ನು ಮೇಲೆತ್ತಿದರು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಪದ್ಧತಿಯಂತೆ ಕಣ್ಣು ಮುಚ್ಚಿದರು. ಕಾಲನ್ನು ನಿಧಾನವಾಗಿ, ಬಲು ನಿಧಾನವಾಗಿ, ಆ ಸುಖದ ಒಂದು ಹನಿಯೂ ಚೆಲ್ಲದ ಹಾಗೆ ಕೆಳಗಿಳಿಸುತ್ತ ಬಂದರು.

ಇನ್ನೂ ಇಳಿಸಿದರು. ಏನೂ ಗೊತ್ತಾಗಲಿಲ್ಲ.

ಕಾಲು ಬೆನ್ನಿಗೆ ತಾಗಿತೋ ಇಲ್ಲವೋ? ಗಾಳಿಯಲ್ಲಿದೆಯೋ, ಜುಬ್ಬದ ಮೇಲಿದೆಯೋ? ಕಣ್ಣು ತೆರೆದು ನೋಡದೆ ತಿಳಿಯುವಂತಿರಲಿಲ್ಲ. ವರ್ಷಗಳಿಂದ ಕಾದ ಬೆನ್ನು ಕೆಳಗಿದೆ, ಮೇಲೆ ಊರೊಪ್ಪಿದ ಕಾಲಿದೆ. ಆದರೆ ವೈರಿಯನ್ನು ತುಳಿದ ಸುದ್ದಿಯನ್ನು ಯಜಮಾನನಿಗೆ ತಲುಪಿಸಲು ಆ ಕಾಲಿಗೆ ಯೋಗ್ಯತೆಯೇ ಉಳಿದಿಲ್ಲ. ನೋಡಿದವರಿಗೆಲ್ಲ ಸಂತೋಷ, ಇಟ್ಟವನಿಗೆ ಬಟ್ಟಬಯಲು. ಇಷ್ಟಕ್ಕಾಗಿ ಗರಗಸವೇ?

ಬೆನಕಪ್ಪನವರು ಕಣ್ಣು ತೆರೆದರು. ಪಾದ ಜುಬ್ಬದಿಂದ ಎರಡು ಬೆರಳಿನಷ್ಟು ಮೇಲೆ ನಿಂತಿತ್ತು. ಅದನ್ನು ಹಾಗೆಯೇ ಹಿಂದಕ್ಕೆಳೆದುಕೊಂಡು ಬಾಗಿಲ ಬಳಿಯಿದ್ದ ಕುರ್ಚಿಗೆ ಕುಸಿದರು.

"ಏನಾತೋ?" ಎಂದ ನಾಗರಾಜಪ್ಪ ನೆಲಕ್ಕೆ ಮುಖವಿಟ್ಟು. "ಇಟ್ಟ್ಯೋ ಇಲ್ಲೋ?"

ಜಗುಲಿಯ ತುಂಬ ಕಣ್ಣುಗಳು. ಕಾಲು ಕೊಳೆತಿದೆ ಎನ್ನುವುದೇ? ಮೂವತ್ತು ವರ್ಷದ ಬೆಲ್ಲ ನರ ತಿಂದಿದೆ ಎನ್ನುವುದೇ? ಆಗ ಅಜ್ಜಿ ನೆನಪಾದಳು. ಆಪತ್ತಿಗೆ ಒದಗುವ ಕಟ್ಟಳೆಯಂಥ ಬಂಧು ಬೇರೊಂದಿಲ್ಲ.

"ಇಟ್ರೂ ಪ್ರಯೋಜನ ಇಲ್ಲ, ನಾಗರಾಜಪ್ಪ," ಎಂದರು ಬೆನಕಪ್ಪನವರು ಗಂಭೀರವಾಗಿ. "ಡಾಕ್ಟ್ರಮ್ಮ ನನ್ನ ಕಾಲು ಕೈಯಾಗ ಹಿಡಿದುಬಿಟ್ರು. ಗುಣ ಎಲ್ಲಾ ಆಕಿ ಕೈಗೆ ಹೋತು."

ಜಗುಲಿಯಲ್ಲಿ "ಅಯ್ಯೋ" ಎಂಬ ಉದ್ಗಾರ ಎದ್ದಿತು. ಯಾರೂ ಅನುಮಾನಿಸಲಿಲ್ಲ. ಮುಟ್ಟಿದರೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಹೆರಿಗೆ ಮುಗಿಸಿ ಬಂದ ಡಾಕ್ಟರ್ ರಾಜೇಶ್ವರಮ್ಮನಿಗೆ ತಮ್ಮ ಆಸ್ಪತ್ರೆಯ ಹೊಸ್ತಿಲ ಮೇಲೆ ಅಕ್ಕಿ ಗಿರಣಿಯ ಯಜಮಾನರು ಬೋರಲು ಮಲಗಿದ್ದದ್ದೂ, ಸಾಲಿಗೆ ಸಾಲೇ ತಮ್ಮ ಕೈಗೆ ಕೈಮುಗಿಯುತ್ತಿದ್ದದ್ದೂ ಕಂಡಿತು. ಒಳಗಿನ ಕುರ್ಚಿಯಲ್ಲಿ ಬೆನಕಪ್ಪನವರು ಅಪರಾಧಿಯಂತೆ ಕೂತಿದ್ದರು. ಆಕೆ ಅವರ ಮುಖವನ್ನು ನೋಡಿದರು, ಬ್ಯಾಂಡೇಜನ್ನು ನೋಡಿದರು, ಅದು ಚೊಕ್ಕಟವಾಗಿರುವುದನ್ನು ಕಂಡರು. ಅರ್ಥವಾಯಿತು.

"ಸರಿ," ಎಂದರು. "ಆದ್ರೆ ನನ್ನ ಕೈಗೆ ಬಂದ ಮೇಲೆ ಕಟ್ಟಳೆ ನಂದು. ಬೆಲ್ಲ ವಾಪಸು ತಗೊಂಡು ಹೋಗ್ಬೇಕು. ಸೊಂಟ ನೋಡೋಕ್ಕೆ ಮೊದಲು ಎಲ್ರೂ ಮೆಟ್ಟು ಬಿಚ್ಚಿ ಅಂಗಾಲು ತೋರಿಸ್ಬೇಕು. ಮತ್ತೆ ಈ ಸೀಸೆ ಹಿಡ್ಕೊಂಡು ಒಬ್ಬೊಬ್ಬರೇ ಹಿತ್ತಲಿಗೆ ಹೋಗಿ ಬರ್ಬೇಕು. ಯಜಮಾನ್ರೆ, ಏಳಿ, ನೀವೇ ಮೊದಲು."

"ಸೊಂಟಕ್ಕೂ ಸೀಸೆಗೂ ಏನು ಸಂಬಂಧ್ರೀ?" ಎಂದು ನಾಗರಾಜಪ್ಪ ನರಳಿದ.

"ಕಾಲಿಗೂ ಸೊಂಟಕ್ಕೂ ಇರೋವಷ್ಟೇ," ಎಂದರು ಡಾಕ್ಟರು.

ತಾಲ್ಲೂಕಿಗೇ ಅಕ್ಕಿ ಹಾಕುವ ನಾಗರಾಜಪ್ಪ, ಸೀಸೆ ಹಿಡಿದು, ಬಿಲ್ಲಿನಂತೆ ಬಾಗಿ, ಹಿತ್ತಲ ಕಡೆ ತೆವಳುವುದನ್ನು ಬೆನಕಪ್ಪನವರು ಕಣ್ಣಾರೆ ನೋಡಿದರು. ಕಾಲಿನಿಂದ ಸಿಗದ ಸುಖ ಅವರಿಗೆ ಕಣ್ಣಿನಿಂದ ಸಿಕ್ಕಿತು. ಅವನ ನಳಿಗೆ ಹಸಿರಿಗೆ ತಿರುಗಿ ನಿಂತಿತೆಂದು ಕೇಳಿದ ಮೇಲಂತೂ, ತಮ್ಮ ಇಟ್ಟಿಗೆಗೆಂಪಿನ ಮುಂದೆ ಅದು ಯಾತರ ಬಣ್ಣವೆಂದು ಕೊಂಚ ಹೆಮ್ಮೆಯೂ ಆಯಿತು. ನಾಗರಾಜಪ್ಪನನ್ನು ಡಾಕ್ಟರು ಹಲಗೆಯ ಮೇಲೆ ಮಲಗಿಸಿ ಕಾವು ಕೊಡಿಸಿದರು. ವಾರದೊಳಗೆ ಅವನ ನೋವು ಹೋಯಿತು. ಡಾಕ್ಟರ ಕೈಗುಣ ಶಿಕಾರಿಪುರದವರೆಗೂ ಹಬ್ಬಿತು.

ಬೆನಕಪ್ಪನವರ ಗಾಯ ಅಷ್ಟು ಬೇಗ ಹ್ಞೂಂಗುಟ್ಟಲಿಲ್ಲ. ಮಳೆಗಾಲ ಹಿಡಿಯಿತು, ಕಾಲಿಗೆ ಪ್ಲಾಸ್ಟರ್ ಬಿತ್ತು, ಹಬ್ಬಗಳು ಒಬ್ಬಟ್ಟಿಲ್ಲದೆ ಬಂದು ಹೋದವು. ಪ್ಲಾಸ್ಟರ್ ಒಡೆದ ದಿನ ಅಂಗಾಲಿನಲ್ಲಿ ಗಾಯವಿದ್ದ ಕಡೆ ತೆಳುವಾದ, ಗುಲಾಬಿ ಬಣ್ಣದ ಹೊಸ ಚರ್ಮವಿತ್ತು. ಕಾಲು ಉಳಿದಿತ್ತು. ಸ್ಪರ್ಶ ಮಾತ್ರ ಮರಳುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೊಸ ಮೆಟ್ಟಿಗೆ ಮೆತ್ತನೆಯ ರಬ್ಬರು ಹಾಕಿಸಿ, ಅದಕ್ಕೆ ಕೈಹಾಕಿ ತಡವಿ ನೋಡಿಯೇ ತೊಡಬೇಕೆಂದರು. ಅಂಗಾಲನ್ನು ದಿನವೂ ಬೇರೊಬ್ಬರು ಮುಟ್ಟಿ, ಒತ್ತಿ ಪರೀಕ್ಷಿಸಬೇಕೆಂದೂ ಅಪ್ಪಣೆ ಮಾಡಿದರು.

ಹೀಗೆ ಶಕುಂತಲಮ್ಮ, ಮದುವೆಯಾಗಿ ಇಪ್ಪತ್ತಾರು ವರ್ಷಗಳ ತರುವಾಯ, ಗಂಡನ ಕಾಲು ಮುಟ್ಟಿದರು. ಬೆಳಿಗ್ಗೆ ಜಗುಲಿಯ ಬೆಳಕಿನಲ್ಲಿ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡುತ್ತಿದ್ದರು. ನರ ಎಲ್ಲಾದರೂ ಚಿಗುರಿದೆಯೇನೋ ಎಂಬ ಆಸೆ ಆಕೆಗೆ ಇನ್ನೂ ಇತ್ತು.

"ಕಣ್ಣು ಮುಚ್ರಿ. ಈಗ ಮುಟ್ಟೀನೇನು?"

"ಹ್ಞೂಂ."

"ಈಗ?"

"ಇಲ್ಲ."

"ಈಗ?"

"ಹ್ಞೂಂ. ಹಿಮ್ಮಡಿ."

ಒಂದೂ ತಪ್ಪಿರಲಿಲ್ಲ. ಶಕುಂತಲಮ್ಮನ ಕಣ್ಣು ತುಂಬಿ ಬಂತು. ಸೊರಬಕ್ಕೆ ಹೇಳಿಕಳಿಸಬೇಕೆಂದು ಏಳಲು ಹೋದವರು, ಸೆರಗು ಸರಿಮಾಡಿಕೊಳ್ಳುವಾಗ ಕೈಯಲ್ಲಿನ ಗಾಜಿನ ಬಳೆಗಳು ಗಲಗಲ ಎಂದದ್ದನ್ನು ಕೇಳಿ ಅಲ್ಲೇ ನಿಂತರು. ಬೆನಕಪ್ಪನವರು, ಕಣ್ಣು ಮುಚ್ಚಿಕೊಂಡೇ, ಬಲು ಆತ್ಮವಿಶ್ವಾಸದಿಂದ "ಹ್ಞೂಂ" ಎಂದರು.

ಶಕುಂತಲಮ್ಮ ಮತ್ತೆ ಕೂತರು. ಎರಡೂ ಕೈಯ ಬಳೆಗಳನ್ನು ಸದ್ದಾಗದಂತೆ ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಂಡರು.

"ಇನ್ನೊಂದು ಸಲ ನೋಡಾಣ. ಕಣ್ಣು ಬಿಡಬ್ಯಾಡ್ರಿ, ಮತ್ತ."